ಮುಂಜಾನೆ ರೇಡಿಯೋದಾಗ ಕಳದದ್ದು ದನಿಯೋ, ಗಡಿಯಾರವೋ?

ಟಿಳಕವಾಡಿ ಕಟ್ಟಿ (ಬೆಳಗಾವಿ):
ಮುಂಜಾನೆ ಉದ್ಘೋಷಕರ ಮಾತು ಬಂದ್ರ ಎಲ್ಲಾರೂ "ಅಂಥಾ ದನಿ ಈಗೆಲ್ಲೈತ್ರಿ" ಅಂತಾರ. ನನ್ನ ವಾದ ಬ್ಯಾರೆ. ಹೋದದ್ದು ಹೊತ್ತಿನ ಕಟ್ಟು. ಆಗ ಧಾರವಾಡ ಆಕಾಶವಾಣಿಯೊಳಗ 7:35ಕ್ಕ ದಿಲ್ಲಿಯ ಕನ್ನಡ ವಾರ್ತೆ ಬರತಿತ್ತು. ಅದು ಯಾರಿಗೂ ಕಾಯತಿರಲಿಲ್ಲ. ಹಾಡು 7:34:50ಕ್ಕ ಮುಗೀಬೇಕು. 3 ನಿಮಿಷ 20 ಸೆಕೆಂಡಿನ ಹಾಡಾದ್ರ 7:31:30ಕ್ಕ ರೆಕಾರ್ಡ್ ಮ್ಯಾಲೆ ಸೂಜಿ ಬೀಳಬೇಕು. ಚಿತ್ರ, ಕವಿ, ಗಾಯಕರ ಹೆಸರಿಗೆ 15 ಸೆಕೆಂಡ್, ಅಂದ್ರ 7:31:15ಕ್ಕ ಮಾತು ಶುರು. ಲೆಕ್ಕ ಎಲ್ಲಾ ಕಡೀಯಿಂದ ಶುರುವಿನ ಕಡೆ. ಹತ್ತು ಸೆಕೆಂಡ್ ತಡ ಆತಂದ್ರ ಕಡೀ ಪಲ್ಲವಿ ಮ್ಯಾಲೆ ಫೇಡರ್ (ದನಿ ಏರಸೋ-ಇಳಸೋ ಗುಂಡಿ) ಇಳಸೂದು, ಬೇಗ ಮುಗದ್ರ ವಾದ್ಯಸಂಗೀತದ ತುಣುಕು ಹಾಕೂದು. ಇಷ್ಟು ಬಿಗಿಯೊಳಗ ಮಾತಾಡೋರಿಗೆ ಹರಟಿ ಹೊಡೀಲಿಕ್ಕೆ ಜಾಗಾನ ಇರಲಿಲ್ಲ. ಅದಕ್ಕ ಅವರ ಮಾತು ತೂಕದ್ದು ಅನಸ್ತಿತ್ತು.

ನವನಗರ ಸೆಕ್ಟರ್ (ಬಾಗಲಕೋಟೆ):
ಅರ್ಧ ಒಪ್ಪತೀನ್ರಿ. ಗಡಿಯಾರ ಈಗ ಕಂಪ್ಯೂಟರ್ ನೋಡಕೋತದ, ಆದ್ರೂ ಆ ದನಿ ಬರೂದಿಲ್ಲಲ್ಲ? ಕಾರಣ ಮಾಧ್ಯಮದಾಗ ಅದ. ಮೀಡಿಯಂ ವೇವ್‌ನಾಗ (ಧಾರವಾಡ ಕೇಂದ್ರ ಬರೋ ಪಟ್ಟಿ) ಒಂದು ಕೇಂದ್ರಕ್ಕೂ ಮುಂದಿಂದಕ್ಕೂ 9 ಕಿಲೋಹರ್ಟ್ಸ್ ಅಂತರ. ಸಾದಾ ರೇಡಿಯೋದಾಗ ಸುಮಾರು 4.5 ಕಿಲೋಹರ್ಟ್ಸ್ ಮ್ಯಾಲಿನ ದನಿ ಉಳಿಯೂದಿಲ್ಲ. ಸ, ಶ, ಫ ಒಂದರೊಳಗೊಂದು ಬೆರೆಯೂದು ಅಲ್ಲೇ. ಹಿಂಗಾಗಿ ಒತ್ತಕ್ಷರ ಬಿಡಿಸಿ, ವಾಕ್ಯದ ಕಡೀ ಶಬ್ದ ನುಂಗದಂಗ ಹೇಳೂದು ಅನಿವಾರ್ಯ ಇತ್ತು. ಎಫ್‌ಎಂ 15 ಕಿಲೋಹರ್ಟ್ಸ್ ತನಕ ಒಯ್ಯತದ, ಹೆಂಗ ಮಾತಾಡಿದ್ರೂ ತಿಳೀತದ, ಅದಕ್ಕ ಯಾವ ಶಿಸ್ತೂ ಉಳೀಲಿಲ್ಲ.

ಇನ್ನೊಂದು ಮೈಕಿನ ದೂರ. ಮಾತಿಗೆ 20–25 ಸೆಂ.ಮೀ. ಸಾಕು. ಈಗಿನವರು 5 ಸೆಂ.ಮೀ.ಗೆ ಬಾಯಿ ಹಚ್ಚತಾರ. ಒಂದು ದಿಕ್ಕಿನ ಮೈಕಿಗೆ ಅಷ್ಟು ಹತ್ತರ ಹೋದ್ರ ಕೆಳಗಿನ ಸ್ವರ ಉಬ್ಬಿ ಎಲ್ಲಾರ ದನಿನೂ ಒಂದಽ ಆಗತದ, ಪ-ಬ ಬಂದಲ್ಲಿ "ಧಪ್" ಅಂತದ. ಮೈಕಿಗೆ ನೇರ ಊದದಽ, ಸ್ವಲ್ಪ ಓರೆ ಕುಂತು ಮಾತಾಡಿದ್ರ ಅದು ತಪ್ಪತದ.

ತಾಜಬಾವಡಿ (ವಿಜಯಪುರ):
ಇಬ್ಬರೂ ಸ್ಟುಡಿಯೋದೊಳಗಽ ಕುಂತೀರಿ. ಕೇಳೋರ ಕಡಿಂದ ನೋಡ್ರಿ. ಧಾರವಾಡದ 765 ಕಿಲೋಹರ್ಟ್ಸ್ ಅಂದ್ರ ಸುಮಾರು 392 ಮೀಟರ್ ಅಲೆ. ಗಾಳಿಹಾದಿ ಹಿಡದ್ರ ಬೆಳಗಾವಿಗೆ 70 ಕಿ.ಮೀ., ನಮಗ 170ರ ಹತ್ತರ. ರಾತ್ರಿ ದೂರದ ಕೇಂದ್ರಗಳು ಆಕಾಶದ ಪದರಿಗೆ ಬಡಿದು ವಾಪಸ್ ಬಂದು ಇದರ ಮ್ಯಾಲೇ ಬೀಳತಾವ: ಸೀಟಿ, ಏರಿಳಿತ. ಹೊತ್ತು ಹುಟ್ಟಿದ ಮ್ಯಾಲೆ ಕೆಳಗಿನ ಪದರು ಆ ಅಲೆ ಹೀರಕೊಂಡು, ನೆಲ ಹಿಡದು ಬರೋ ಅಲೆ ಒಂದಽ ಉಳೀತದ. ಚಳಿಗಾಲದಾಗ ನಮ್ಮಲ್ಲಿ ಹೊತ್ತು ಹುಟ್ಟೂದು ಏಳರ ಹೊತ್ತಿಗೆ. ಆರಕ್ಕ ಕರಕರ, ಏಳೂವರೆಗೆ ಸ್ವಚ್ಛ. "ವಾರ್ತೆ ಓದೋರ ದನಿ ಎಂಥಾ ಸ್ಪಷ್ಟ" ಅಂತ ಹೊಗಳೂದರೊಳಗ ಸೂರ್ಯಂದೂ ಪಾಲದ.

ಹಳೇ ಸೆಟ್ ಇದ್ದವರು ಈಗ ಹಚ್ಚಿದ್ರ ಬರೇ ಗುಂಯ್ ಅಂತದ, ರೇಡಿಯೋ ಕೆಟ್ಟದ ಅಂತ ಮೂಲಿಗೆ ಒಗೀತಾರ. ಮೊದಲು ಮನೀ ಮೇನ್ ಸ್ವಿಚ್ ಬಂದ್ ಮಾಡಿ ಸೆಲ್ ಮ್ಯಾಲೆ ಹಚ್ಚಿ ನೋಡ್ರಿ. ಗದ್ದಲ ನಿಂತ್ರ ದೋಷ ಎಲ್‌ಇಡಿ ಬಲ್ಬು, ಇಲ್ಲಾ ಚಾರ್ಜರಿಂದು. ಒಂದೊಂದಽ ಹಚ್ಚಿಕೋತ ಬಂದ್ರ ಕಳ್ಳ ಸಿಗತಾನ. ರೇಡಿಯೋ ಒಳಗಿನ ಫೆರೈಟ್ ಕಡ್ಡಿ (ಅದಽ ಆಂಟೆನಾ) ತುದಿ ಕೇಂದ್ರದ ಕಡೆ ತೋರಿಸಿದ್ರ ದನಿ ಸಾಯತದ, ಅಡ್ಡ ಹಿಡದ್ರ ಏಳತದ. ಧಾರವಾಡ ನಮಗ ದಕ್ಷಿಣ-ನೈಋತ್ಯಕ್ಕ, ಅಂದ್ರ ಕಡ್ಡಿ ಹೆಚ್ಚುಕಡಿಮಿ ಪೂರ್ವ-ಪಶ್ಚಿಮ ಮಲಗಬೇಕು. ಬೆಳಗಾವಿಯವರಿಗೆ ಈಶಾನ್ಯ-ನೈಋತ್ಯ. ವಾಲ್ಯೂಮ್ ತಿರುವಿದಾಗ ಮಾತ್ರ ಗರಗರ ಅಂದ್ರ ಅದು ಬ್ಯಾರೆ ರೋಗ, ವಾಲ್ಯೂಮ್ ಕಂಟ್ರೋಲಿನೊಳಗ ಧೂಳದ. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ತಿರುವ್ರಿ.

ಇಲಕಲ್ ಸೆರಗು (ಬಾಗಲಕೋಟೆ ಜಿಲ್ಲೆ):
ಅಣ್ಣಾರ, ಕಡ್ಡಿ-ಅಲೆ ಎಲ್ಲಾ ಖರೇ. ಆದ್ರ ಆಗ ಬ್ಯಾರೆ ಯಾವುದೂ ಇರಲಿಲ್ಲ, ಅದಕ್ಕ ಕೇಳತಿದ್ರು ಅನ್ನೋದನ್ನ ಯಾಕ ಮುಚ್ಚತೀರಿ?

ಟಿಳಕವಾಡಿ ಕಟ್ಟಿ:
ಅಕ್ಕಾರ, ಬೆಳಗಾವ್ಯಾಗಂತೂ ಹಂಗಿರಲಿಲ್ಲ. ಸಾಂಗಲಿ, ಪಣಜಿ ಮುಳ್ಳು ತಿರುವಿದ್ರ ಸಿಗತಿದ್ವು. ಶಾರ್ಟ್ ವೇವ್‌ನಾಗ ರೇಡಿಯೋ ಸಿಲೋನ್, 1957ರಿಂದ ವಿವಿಧ ಭಾರತಿ.

ಇಲಕಲ್ ಸೆರಗು:
ಆತು, ಒಪ್ಪಿದೆ. ಹಂಗಿದ್ರೂ ಜನ ಧಾರವಾಡಕ್ಕ ಮುಳ್ಳು ನಿಲ್ಲಸ್ತಿದ್ರಂದ್ರ ಅಲ್ಲಿ ಉಪಯೋಗದ ಮಾತು ಇತ್ತು: ರೈತರಿಗೆ ಸಲಹೆ, ಹವಾಮಾನ, ಪ್ರದೇಶ ಸಮಾಚಾರ. ಖಾಸಗಿ ಎಫ್‌ಎಂದವರಿಗೆ ಸ್ವಂತ ಸುದ್ದಿ ಮಾಡಲಿಕ್ಕೆ ಪರವಾನಗಿ ಇಲ್ಲ, ಆಕಾಶವಾಣಿ ವಾರ್ತೆ ಇದ್ದಂಗ ಮರುಪ್ರಸಾರ ಮಾಡಬಹುದು ಅಷ್ಟಽ. ಅದಕ್ಕ ಜೋಕು, ಫೋನಿನಾಗ ಮಂದೀನ್ನ ಬೇಸ್ತು ಬೀಳಸೂದು. ಇದನ್ನ ನೆಪ ಅಂತೀನಿ ನಾ. ಹವಾಮಾನ, ರಸ್ತೆ ಸಂಚಾರ, ಪರೀಕ್ಷೆ, ನೀರು-ಕರೆಂಟಿನ ಮಾಹಿತಿ ಸುದ್ದಿ ಲೆಕ್ಕಕ್ಕ ಬರೂದಿಲ್ಲ, ಹೇಳಲಿಕ್ಕೆ ಅಡ್ಡಿ ಇಲ್ಲ. ಪಂಪ್‌ಸೆಟ್ಟಿಗೆ ಹೆಸ್ಕಾಂ ತ್ರೀ ಫೇಸ್ ಎಷ್ಟೊತ್ತಿಗೆ ಕೊಡತದ ಅಂತ ದಿನಾ ಹೇಳೋ ದನಿ ಮರೀಲಿಕ್ಕಾಗತದೇನು?

ಹೇಳೋ ರೀತಿನೂ ಅದ. ಆಲಮಟ್ಟಿ ತುಂಬಿದ ಮಟ್ಟ 519.60 ಮೀಟರ್. ಬರೇ "ಇಂದಿನ ಮಟ್ಟ 518.90" ಅಂದ್ರ ಹೊಳೀ ದಂಡಿಯವರಿಗೆ ಏನೂ ತಿಳೀಲಿಲ್ಲ. ನಿನ್ನೆಗಿಂತ ಎಷ್ಟು ಏರಿತು, ಎಷ್ಟು ಕ್ಯೂಸೆಕ್ ಬಿಡಲಿಕ್ಹತ್ಯಾರ, ಈ ಎರಡು ಬೇಕು. ಅಂಕಿ ನಿಧಾನ, ಎರಡು ಸಲ. ಮೊದಲು ಊರು, ಆಮ್ಯಾಲೆ ಅಂಕಿ. ತಿರುವುಮುರುವು ಹೇಳಿದ್ರ ಊರಿನ ಹೆಸರು ಕೇಳೂದ್ರೊಳಗ ಅಂಕಿ ಹೋಗಿರತದ.

ನವನಗರ ಸೆಕ್ಟರ್:
ಇದಕ್ಕ ಸಮುದಾಯ ರೇಡಿಯೋ ಸರಿ ಜಾಗಾ. ಬೆಳಗಾವ್ಯಾಗ ಕೆಎಲ್‌ಇ ವೇಣುಧ್ವನಿ 90.4 ಅದ. ಆದ್ರ ಇಂಥಾ ಕೇಂದ್ರಕ್ಕ ಸಾಮಾನ್ಯವಾಗಿ 100 ವ್ಯಾಟ್, ಆಂಟೆನಾ 30 ಮೀಟರ್ ಒಳಗ. ಊರು, ಸುತ್ತಲಿನ ಹಳ್ಳಿ ಮುಟ್ಟತದ. ಧಾರವಾಡದ 200 ಕಿಲೋವ್ಯಾಟ್ ಎರಿ ಭೂಮಿ ಹಿಡದು ಓಡಿದಂಗ ಓಡೂದಿಲ್ಲ. ಮೂರು ಜಿಲ್ಲೆಗೆ ಒಂದಽ ದನಿ ಅನ್ನೋ ಕಾಲ ತಾಂತ್ರಿಕವಾಗೇ ಮುಗದದ.

ತಾಜಬಾವಡಿ:
ಮುಗೀಲಿ ಬಿಡ್ರಿ. ಅರ್ಧ ತಾಸಿನಾಗ ಮಾತು ಆರು ನಿಮಿಷ ದಾಟಬಾರದು, ಕಂಪ್ರೆಸರ್ ತೆಗದು ಹಾಕಬೇಕು. ಇಷ್ಟು ಮಾಡಿದ್ರೂ ಸಾಕು ನನಗ. ಆ ಕಂಪ್ರೆಸರಿನಿಂದ ಪಿಸುಮಾತೂ ಕೂಗೂ ಒಂದಽ ಎತ್ತರಕ್ಕ ಬಂದು ಹತ್ತು ನಿಮಿಷಕ್ಕ ಕಿವಿ ದಣೀತದ.

ನವನಗರ ಸೆಕ್ಟರ್:
ಪೂರ್ತಿ ತೆಗೀಲಿಕ್ಕಾಗೂದಿಲ್ರಿ. ಎಫ್‌ಎಂ ಅಲೆ ±75 ಕಿಲೋಹರ್ಟ್ಸ್ ದಾಟಿ ಸರದ್ರ ದನಿ ಒಡೀತದ, ಬಾಜೂ ಕೇಂದ್ರಕ್ಕೂ ತ್ರಾಸು. ಅದಕ್ಕ ಕಡೀ ಲಿಮಿಟರ್ (ಮಿತಿ ದಾಟದಂಗ ತಡೆಯೋ ಸಾಧನ) ಇರಲೇಬೇಕು. ಅದರ ಮೊದಲಿನ ಕಂಪ್ರೆಸರ್ ಸಡಿಲ ಮಾಡ್ರಿ: ಅನುಪಾತ 2:1, ಮೀಟರಿನಾಗ ಕಡಿತ 4–5 ಡೆಸಿಬೆಲ್ ಮೀರಬಾರದು. ಜಾಹೀರಾತು ಬಂದಾಗ ಮಾತಿಗಿಂತ ಜೋರ ಕೇಳಿಸಿದ್ರ ಕಂಪ್ರೆಸರಿಗೆ ಕೈ ಹಚ್ಚಬ್ಯಾಡ್ರಿ, ಆ ಫೈಲಿನ ಮಟ್ಟಾನಽ ಇಳಸ್ರಿ.