ಸ್ಕೇಲ್, ಕತ್ತರಿ, ಸೂಜಿ ಎಲ್ಲಾ ಅಂಟಂಟು! ಏನು ಹಾಕಿ ಒರೆಸಬೇಕು?

ಬಿಡಿಚಿಂದಿ:

ಎಲ್ಲರಿಗೂ ನಮಸ್ಕಾರ. ಕೌದಿ ಹೊಲಿಯಲು ಶುರು ಮಾಡಿ ಒಂದು ವರ್ಷ ಆಯಿತು. ಈ ವರ್ಷದಲ್ಲಿ ಹೊಲಿದದ್ದಕ್ಕಿಂತ ಅಂಟು ಕೆರೆದದ್ದೇ ಜಾಸ್ತಿ ಅನಿಸುತ್ತಿದೆ.

ನನ್ನ ಹತ್ತಿರ 6 ಇಂಚು ಅಗಲ, 24 ಇಂಚು ಉದ್ದದ ಅಕ್ರಿಲಿಕ್ ಸ್ಕೇಲ್ ಇದೆ. ಬಟ್ಟೆ ಮೇಲೆ ಜಾರುತ್ತದೆ ಅಂತ ಹಿಂಬದಿಗೆ ಎರಡೂ ಕಡೆ ಅಂಟುವ ಟೇಪ್ ಹಚ್ಚಿ ಉಪ್ಪುಕಾಗದದ ಚೂರುಗಳನ್ನು ಅಂಟಿಸಿದ್ದೆ. ಈಗ ಚೂರುಗಳು ಕಿತ್ತು ಬಂದಿವೆ, ಟೇಪಿನ ಅಂಟು ಮಾತ್ರ ಅಲ್ಲೇ ಕೂತಿದೆ. ಬಟ್ಟೆ ಮೇಲೆ ಇಟ್ಟು ಎತ್ತಿದರೆ ದಾರದ ಎಳೆ, ಹತ್ತಿ, ಧೂಳು ಎಲ್ಲಾ ಮೆತ್ತಿಕೊಂಡು ಸ್ಕೇಲಿಗೆ ಮೀಸೆ ಬಂದ ಹಾಗೆ ಕಾಣುತ್ತದೆ.

ಕತ್ತರಿಯದ್ದು ಇನ್ನೊಂದು ಕತೆ. ಟೇಪ್ ಹಚ್ಚಿದ್ದ ಬಟ್ಟೆಯನ್ನು ಅದರಲ್ಲೇ ಕತ್ತರಿಸಿದೆ, ಈಗ ಎರಡು ಅಲಗೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೊಲಿಗೆ ಮಷಿನ್ನಿನ ಸೂಜಿಗೂ ಅಂಟು ಸ್ಪ್ರೇ ಹತ್ತಿದೆ, ಕೌದಿಯ ಪದರಗಳು ಸರಿಯಬಾರದು ಅಂತ ಹೊಡೆಯುತ್ತಾರಲ್ಲಾ, ಅದೇ. ನಾಲ್ಕು ಹೊಲಿಗೆ ಸರಿಯಾಗಿ ಬಿದ್ದರೆ ಐದನೆಯದು ಬೀಳುವುದೇ ಇಲ್ಲ.

ಉಗುರಲ್ಲಿ ಕೆರೆದೆ, ಬಿಸಿ ಸೋಪ್ ನೀರಲ್ಲಿ ಉಜ್ಜಿದೆ, ಅಂಟು ಇನ್ನಷ್ಟು ಹರಡಿತು ಅಷ್ಟೇ. ಮನೆಯಲ್ಲಿ ನೇಲ್ ಪಾಲಿಶ್ ರಿಮೂವರ್ ಇದೆ. ಅದನ್ನೇ ಎಲ್ಲದಕ್ಕೂ ಹಾಕಿಬಿಡಲೇ?

ಎರಡೇನಿಮಿಷ:

ಹಾಕಿ, ಏನೂ ಆಗುವುದಿಲ್ಲ. ನಾನು ಕತ್ತರಿಗೆ ಯಾವಾಗಲೂ ಅದನ್ನೇ ಹಾಕುವುದು. ಒಂದು ಸಲ ಒರೆಸಿದರೆ ಸಾಕು, ಪಳಪಳ.

ಹಳೇಬಾಬಿನ್:

ಅಯ್ಯೋ, ನಿಲ್ಲಿ ನಿಲ್ಲಿ. ಸ್ಕೇಲಿಗೆ ಬೇಡವೇ ಬೇಡ!

ನೇಲ್ ಪಾಲಿಶ್ ರಿಮೂವರ್‌ನಲ್ಲಿ ಸಾಮಾನ್ಯವಾಗಿ ಇರುವುದು ಅಸಿಟೋನ್. ಅದು ಅಕ್ರಿಲಿಕ್ಕನ್ನೇ ಕರಗಿಸುತ್ತದೆ. ನಾನು ಮೊದಮೊದಲು ಈ ತಪ್ಪು ಮಾಡಿದ್ದೆ. ಒಂದು ಮೂಲೆಯಲ್ಲಿದ್ದ ಬೆಲೆಚೀಟಿಯ ಅಂಟು ತೆಗೆಯಲು ಹತ್ತಿಯಲ್ಲಿ ಅದ್ದಿ ಒರೆಸಿದೆ. ಅಂಟು ಹೋಯಿತು ನಿಜ, ಜೊತೆಗೆ ಆ ಜಾಗ ಮಂಜು ಕವಿದ ಕನ್ನಡಿಯ ಹಾಗೆ ಬೆಳ್ಳಗಾಯಿತು, ಗೆರೆಗಳೂ ಅಳಿಸಿದವು, ಮುಟ್ಟಿದರೆ ಒರಟು. ಆ ಮೂಲೆಯನ್ನು ಇವತ್ತಿಗೂ ಬಳಸುವುದಿಲ್ಲ. ಮೇಲೆ ಹೇಳಿದವರ ಕತ್ತರಿ ಉಳಿದಿದ್ದು ಅದು ಉಕ್ಕು ಅಂತ. ಹಿಡಿಗೆ ಒಂದು ಹನಿ ಬಿದ್ದಿದ್ದರೆ ಅವರಿಗೂ ಗೊತ್ತಾಗುತ್ತಿತ್ತು.

ಅಂಟು ಯಾವುದು ಅಂತ ಯೋಚಿಸುವ ಮೊದಲು, ಅಂಟು ಕೂತಿರುವ ಸಾಮಾನು ಯಾವುದರದ್ದು ಅಂತ ನೋಡಿ. ನಿಮ್ಮ ಮೂರು ಸಾಮಾನಿಗೂ ಒಂದೇ ಔಷಧಿ ನಡೆಯುವುದಿಲ್ಲ.

ಸ್ಕೇಲಿಗೆ ಎಣ್ಣೆಯೇ ಸರಿ. ಯಾವ ಅಡುಗೆ ಎಣ್ಣೆಯಾದರೂ ಆಗುತ್ತದೆ, ಬೇಬಿ ಆಯಿಲ್ ಇದ್ದರೆ ಇನ್ನೂ ಒಳ್ಳೆಯದು. ಟೇಪು, ಸ್ಟಿಕ್ಕರುಗಳ ಅಂಟು ಪೂರ್ತಿ ಒಣಗುವ ಜಾತಿಯದ್ದಲ್ಲ, ಯಾವಾಗಲೂ ಜಿಗುಟಾಗಿಯೇ ಇರುತ್ತದೆ. ಅದಕ್ಕೇ ಒತ್ತಿದ ಕೂಡಲೇ ಹಿಡಿದುಕೊಳ್ಳುವುದು. ಅದಕ್ಕೆ ನೀರು ಹತ್ತುವುದಿಲ್ಲ, ಆದರೆ ಎಣ್ಣೆ ಒಳಗೆ ಇಳಿದು ಮೆತ್ತಗೆ ಮಾಡುತ್ತದೆ. ನೀವು ಸೋಪ್ ನೀರಲ್ಲಿ ಉಜ್ಜಿದರೂ ಹೋಗದಿದ್ದುದು ಇದರಿಂದಲೇ. ಮೊದಲು ಎಣ್ಣೆ, ಆಮೇಲೆ ಸೋಪು, ಈ ಕ್ರಮ ತಲೆಕೆಳಗಾದರೆ ಸುಮ್ನೆ ಕೈನೋವು.

ಹತ್ತಿಯನ್ನು ಎಣ್ಣೆಯಲ್ಲಿ ನೆನೆಸಿ ಅಂಟಿನ ಮೇಲೆ ಹಾಸಿ 10–15 ನಿಮಿಷ ಬಿಡಿ. ಉಜ್ಜಬೇಡಿ, ಬೇರೆ ಕೆಲಸ ನೋಡಿಕೊಳ್ಳಿ. ಆಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ತಳ್ಳಿದರೆ ಅಂಟು ಉಂಡೆ ಉಂಡೆಯಾಗಿ ಬರುತ್ತದೆ. ಬ್ಲೇಡು, ಸ್ಟೀಲ್ ಸ್ಕ್ರಬರ್ ತರಬೇಡಿ, ಅಕ್ರಿಲಿಕ್ಕಿಗೆ ಗೀರು ಬೀಳಲು ಅರೆಕ್ಷಣ ಸಾಕು. ದಪ್ಪಗೆ ಕೂತಿದ್ದರೆ ಎರಡು ಮೂರು ಸಲ ಮಾಡಬೇಕಾಗಬಹುದು. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ಡು, ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ.

ಸ್ಪಿರಿಟ್, ಸ್ಯಾನಿಟೈಸರ್ ಕೂಡ ಅಕ್ರಿಲಿಕ್ಕಿಗೆ ಹಾಕಬೇಡಿ. ಬೇಗ ಕೆಲಸ ಆಗುತ್ತದೆ ಅಂತ ಆಸೆಯಾಗುತ್ತದೆ, ಆದರೆ ಕತ್ತರಿಸಿದ ಅಂಚುಗಳಲ್ಲಿ ಕೂದಲೆಳೆಯಂಥ ಬಿರುಕು ಬರಬಹುದು. ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣವೂ ಬೇಡ.

ಕತ್ತರಿಯಂಗಳ:

ಹಳೇಬಾಬಿನ್ ಹೇಳಿದ್ದು ಸರಿ. ಕತ್ತರಿ ನನ್ನ ಕ್ಷೇತ್ರ, ದಿನಾ ಹಿಡಿಯುವವನು, ಅದರ ಬಗ್ಗೆ ನಾನು ಹೇಳುತ್ತೇನೆ.

ಅಲಗಿಗೆ ಸ್ಪಿರಿಟ್ ಸಾಕು. ಬಟ್ಟೆಯ ತುಂಡಿಗೆ ಸ್ಪಿರಿಟ್ ಹಾಕಿ, ಅಲಗಿನ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿ. ಬಾಯಿಯ ಉದ್ದಕ್ಕೂ ಎಳೆದರೆ ಬೆರಳು ಹೋಗುತ್ತದೆ. ಎಷ್ಟೋ ಜನ ಕೊಯ್ದುಕೊಳ್ಳುವುದು ಕತ್ತರಿಸುವಾಗ ಅಲ್ಲ, ಒರೆಸುವಾಗ. ಮುಖ್ಯವಾಗಿ ಒಳಮುಖ ಒರೆಸಿ, ಅಲಗುಗಳು ಒಂದನ್ನೊಂದು ಉಜ್ಜುವುದು ಅಲ್ಲೇ. ಸ್ಪಿರಿಟ್ಟಿಗೆ ಬಗ್ಗದಿದ್ದರೆ ನೀಲಗಿರಿ ಎಣ್ಣೆ ಹಚ್ಚಿ ನೋಡಿ, ಅದು ಟೇಪಿನ ಅಂಟಿಗೆ ಶತ್ರು. ಸೀಮೆಎಣ್ಣೆಯೂ ಕೆಲಸ ಮಾಡುತ್ತದೆ, ಆದರೆ ಆ ವಾಸನೆ ಆಮೇಲೆ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಅದಕ್ಕೇ ನಾನು ಬಿಟ್ಟೆ. ಹಿಡಿ ಪ್ಲಾಸ್ಟಿಕ್ ಆಗಿದ್ದರೆ ಇವು ಯಾವುದನ್ನೂ ಅದಕ್ಕೆ ತಾಗಿಸಬೇಡಿ.

ನೀರಲ್ಲಿ ನೆನೆಹಾಕಬೇಡಿ. ತಿರುಪಿನ ಸಂದಿಗೆ ನೀರು ಸೇರಿದರೆ ತುಕ್ಕು ಖಾತ್ರಿ.

ಇನ್ನೊಂದು ಮಾತು. ಅಂಟು ತೆಗೆದ ಮೇಲೆ ತಿರುಪಿಗೆ ಒಂದು ಹನಿ ಮಷಿನ್ ಎಣ್ಣೆ ಬಿಡಿ, ಹತ್ತು ಸಲ ತೆರೆದು ಮುಚ್ಚಿ, ಒರೆಸಿ, ಹಳೇ ಚಿಂದಿ ಕತ್ತರಿಸಿ ನೋಡಿ. ಅಡುಗೆ ಎಣ್ಣೆ ಮಾತ್ರ ತಿರುಪಿಗೆ ಬಿಡಬೇಡಿ. ಅದು ಗಾಳಿಗೆ ದಿನ ಕಳೆದಂತೆ ಗಟ್ಟಿಯಾಗಿ ತಾನೇ ಅಂಟಾಗುತ್ತದೆ. ಜಿಡ್ಡು ಕಟ್ಟಿದ ಎಣ್ಣೆ ಡಬ್ಬಿ ನೋಡಿದ್ದೀರಲ್ಲಾ, ಹಾಗೆ. ಅಂಟು ತೆಗೆಯಲು ಹೋಗಿ ಹೊಸ ಅಂಟು ತಂದಂತೆ ಆಗುತ್ತದೆ.

ಎರಡೇನಿಮಿಷ:

ಸರಿ, ಸ್ಕೇಲಿನ ವಿಷಯದಲ್ಲಿ ನನ್ನದು ತಪ್ಪು, ಒಪ್ಪಿಕೊಂಡೆ. ಕತ್ತರಿಗೆ ಮಾತ್ರ ನಾನು ಅದನ್ನೇ ಹಾಕುವವಳು :)

ಹಳೇಬಾಬಿನ್:

ಹಾಕಿ ಅಕ್ಕ, ಆದರೆ ಪಕ್ಕದಲ್ಲಿ ಇಸ್ತ್ರಿ ಪೆಟ್ಟಿಗೆ ಬಿಸಿ ಇರದಂತೆ ನೋಡಿಕೊಳ್ಳಿ. ಅಸಿಟೋನಿನ ಆವಿ ಕೂಡಲೇ ಹೊತ್ತಿಕೊಳ್ಳುತ್ತದೆ, ಸ್ಪಿರಿಟ್ಟಿಗೂ ಇದೇ ಮಾತು. ಕಿಟಕಿ ತೆರೆದಿರಲಿ.

ಬಿಡಿಚಿಂದಿ:

ತುಂಬಾ ಧನ್ಯವಾದ. ರಿಮೂವರ್ ಬಾಟಲಿಯ ಮುಚ್ಚಳ ತೆರೆದಿದ್ದೆ, ನಿಮ್ಮ ಉತ್ತರ ನೋಡಿ ಮುಚ್ಚಿದೆ!

ಸ್ಕೇಲಿನ ಮೇಲೆ ಎಣ್ಣೆ ಹತ್ತಿ ಇಟ್ಟಿದ್ದೇನೆ. ಒಂದು ಭಯ. ಎಣ್ಣೆ ಉಳಿದುಬಿಟ್ಟರೆ ಕೌದಿ ಬಟ್ಟೆಗೆ ಕಲೆ ಆಗುವುದಿಲ್ಲವೇ? ಸೂಜಿಯ ಬಗ್ಗೆಯೂ ಯಾರಾದರೂ ಹೇಳಿ.

ಹೊಲಿಗೆಹುಚ್ಚು:

ಆಗುತ್ತದೆ, ಅದಕ್ಕೇ ಸೋಪಿನಲ್ಲಿ ಎರಡು ಸಲ ತೊಳೆಯಿರಿ. ಒಣಗಿದ ಮೇಲೆ ಬಿಳಿ ಚಿಂದಿಯಿಂದ ಗಟ್ಟಿಯಾಗಿ ಒತ್ತಿ ಒರೆಸಿ ನೋಡಿ, ಚಿಂದಿಯಲ್ಲಿ ನೆರಳಿನ ಹಾಗೆ ಕಂಡರೂ ಇನ್ನೊಂದು ಸಲ ತೊಳೆಯಿರಿ. ಒಳ್ಳೆಯ ಬಟ್ಟೆ ಮೇಲೆ ಆಮೇಲೆ ಇಡಿ.

ಸೂಜಿಯ ವಿಷಯ ನನಗೆ ತುಂಬಾ ಇಷ್ಟ, ಸ್ವಲ್ಪ ಉದ್ದವಾದರೆ ಕ್ಷಮಿಸಿ. ಸೂಜಿ ಪೂರ್ತಿ ಕೆಳಗೆ ಇಳಿದು ಮತ್ತೆ ಮೇಲಕ್ಕೆ ಏಳಲು ಶುರುವಾದಾಗ, ಕಣ್ಣಿನ ಹಿಂದೆ ದಾರ ಸ್ವಲ್ಪ ಉಬ್ಬಿ ಚಿಕ್ಕ ಕುಣಿಕೆ ಆಗುತ್ತದೆ. ಕೆಳಗೆ ತಿರುಗುವ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ ದಾರದ (ಕೆಳಗಿನ ಪುಟ್ಟ ಉರುಳೆಯಿಂದ ಬರುವ ದಾರ) ಸುತ್ತ ಹಾಯಿಸಿದರೆ ಒಂದು ಹೊಲಿಗೆ. ಸೂಜಿಗೆ ಅಂಟು ಹತ್ತಿದ್ದರೆ ದಾರ ಸೂಜಿಗೇ ಅಂಟಿಕೊಂಡು ಹೋಗುತ್ತದೆ, ಉಬ್ಬುವುದಿಲ್ಲ, ಕುಣಿಕೆ ಇಲ್ಲ, ಕೊಕ್ಕೆ ಖಾಲಿ ಗಾಳಿ ಹಿಡಿದು ಹೋಗುತ್ತದೆ. ನಿಮ್ಮ ಐದನೇ ಹೊಲಿಗೆ ಹೋಗುತ್ತಿರುವುದು ಹೀಗೆ. ಜನ ಇದಕ್ಕೆ ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಗಿಸುತ್ತಾ ಕೂರುತ್ತಾರೆ, ಮಷಿನ್ ಕೆಟ್ಟಿತು ಅಂತ ಬೈಯುತ್ತಾರೆ, ಪಾಪ ಅದರ ತಪ್ಪೇನೂ ಇರುವುದಿಲ್ಲ.

ಮಷಿನ್ನಿನ ಸ್ವಿಚ್ ಆರಿಸಿ, ಸೂಜಿ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ. ಕಣ್ಣಿನ ಒಳಗೂ ಅಂಟು ಕೂತಿರುತ್ತದೆ, ಸ್ಪಿರಿಟ್ಟಿನಲ್ಲಿ ಅದ್ದಿದ ದಾರವನ್ನು ಕಣ್ಣಿಗೆ ಪೋಣಿಸಿ ಹಿಂದೆ ಮುಂದೆ ಎಳೆದರೆ ಹೋಗುತ್ತದೆ. ತುಂಬಾ ಹಳೆಯ ಸೂಜಿಯಾದರೆ ಇಷ್ಟೆಲ್ಲಾ ಬೇಡ, ಹೊಸದು ಹಾಕಿ.

ಮುಂದೆ ಅಂಟು ಸ್ಪ್ರೇ ಹೊಡೆದಾಗ ಸ್ವಲ್ಪ ಹೊತ್ತು ಆರಲು ಬಿಟ್ಟು ಆಮೇಲೆ ಹೊಲಿಯಿರಿ, ನಿಧಾನವಾಗಿ ಹೊಲಿಯಿರಿ. ಜೋರಾಗಿ ಓಡಿಸಿದರೆ ಸೂಜಿ ಬಿಸಿಯಾಗುತ್ತದೆ, ಬಿಸಿಗೆ ಅಂಟು ಮೆತ್ತಗಾಗಿ ಜಾಸ್ತಿ ಹತ್ತುತ್ತದೆ. 80ರ ಸೂಜಿ ಇದ್ದರೆ ಅದಕ್ಕಿಂತ ದಪ್ಪದ 90 ಹಾಕಿ ನೋಡಿ, ಬಟ್ಟೆಯಲ್ಲಿ ತೂತು ಸ್ವಲ್ಪ ದೊಡ್ಡದಾಗುತ್ತದೆ, ದಾರಕ್ಕೆ ಉಜ್ಜಾಟ ಕಡಿಮೆ. ಅಂಟು ಹಿಡಿಯದ ಲೇಪನ ಇರುವ ಸೂಜಿಗಳೂ ಸಿಗುತ್ತವೆ.

ಮಡಿಕೆಮಡಿಕೆ:

ಮಧ್ಯೆ ನನ್ನದೊಂದು ಪ್ರಶ್ನೆ ಸೇರಿಸಲೇ? ಇಸ್ತ್ರಿ ಪೆಟ್ಟಿಗೆಯ ತಳಕ್ಕೆ ಫ್ಯೂಸಿಂಗ್ ಅಂಟು (ಇಸ್ತ್ರಿಯ ಬಿಸಿಯಿಂದ ಬಟ್ಟೆಗೆ ಅಂಟಿಸುವುದು) ಹತ್ತಿ ಕಂದು ಬಣ್ಣಕ್ಕೆ ತಿರುಗಿದೆ. ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟೆ, ಏನೂ ಆಗಲಿಲ್ಲ.

ಹಳೇಬಾಬಿನ್:

ಅದು ಬೇರೆ ಜಾತಿ ಅಂಟು. ತಣ್ಣಗಿದ್ದಾಗ ಪ್ಲಾಸ್ಟಿಕ್, ಬಿಸಿಯಾದರೆ ಕರಗುತ್ತದೆ. ಎಣ್ಣೆಗೆ ಬಗ್ಗುವುದಿಲ್ಲ, ಬಿಸಿಗೆ ಬಗ್ಗುತ್ತದೆ. ಮೊದಲು ಆ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಹೊಗೆ ಬರುತ್ತದೆ. ಆಮೇಲೆ ಪೆಟ್ಟಿಗೆ ಕಾಯಿಸಿ, ಯಾವುದಕ್ಕೂ ಬೇಡದ ದಪ್ಪ ಹತ್ತಿ ಬಟ್ಟೆಯ ಮೇಲೆ ಒತ್ತಿ ಒತ್ತಿ ಓಡಿಸಿ. ಕರಗಿದ ಅಂಟು ಬಟ್ಟೆಗೆ ಹತ್ತುತ್ತದೆ. ಬಟ್ಟೆಯ ಜಾಗ ಬದಲಿಸುತ್ತಾ ಇರಿ. ಉಳಿದ ಕಲೆಗೆ ಇಸ್ತ್ರಿ ಪೆಟ್ಟಿಗೆಗೆಂದೇ ಬರುವ ಕ್ಲೀನರ್ ಬಳಸಿ. ತಳ ನಾನ್‌ಸ್ಟಿಕ್ ಆಗಿದ್ದರೆ ಉಪ್ಪು, ಸ್ಕ್ರಬರ್ ಹಾಕಿ ಉಜ್ಜಬೇಡಿ, ಲೇಪನವೇ ಎದ್ದು ಹೋಗುತ್ತದೆ.

ಬಿಸಿ ತಳಕ್ಕೆ ಪ್ಯಾರಾಸಿಟಮಾಲ್ ಮಾತ್ರೆ ಉಜ್ಜುವ ವಿಡಿಯೋ ನೀವೂ ನೋಡಿರುತ್ತೀರಿ. ಅದು ಸುಮಾರು 169 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಇಸ್ತ್ರಿ ಅಷ್ಟು ಬಿಸಿ ಆಗುತ್ತದೆ, ಕೊಳೆಯೂ ಬರುತ್ತದೆ. ಆದರೆ ಆ ಹೊಗೆ ಮೂಗಿಗೆ ಹೋಗುತ್ತದಲ್ಲಾ, ನನಗಂತೂ ಬೇಡ. ಇನ್ನು ಮುಂದೆ ಫ್ಯೂಸಿಂಗ್ ಮಾಡುವಾಗ ಮೇಲೊಂದು ಬೇಕಿಂಗ್ ಪೇಪರ್ ಹಾಸಿಕೊಳ್ಳಿ.

ಅಜ್ಜಿಯಮಷಿನ್:

ಎಲ್ಲರೂ ಸ್ಪಿರಿಟ್ ಸ್ಪಿರಿಟ್ ಅಂತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಹಳೇ ಕಪ್ಪು ಬಣ್ಣದ, ಮೈಮೇಲೆ ಚಿನ್ನದ ಚಿತ್ತಾರ ಇರುವ ಮಷಿನ್ ಇದ್ದರೆ ದಯವಿಟ್ಟು ಸ್ಪಿರಿಟ್ ಮುಟ್ಟಿಸಬೇಡಿ. ಆ ಮಷಿನ್ನುಗಳ ಹೊಳಪಿನ ಪದರ ಎಷ್ಟೋ ಸಲ ಅರಗಿನದ್ದು. ಅರಗು ಸ್ಪಿರಿಟ್ಟಿನಲ್ಲೇ ಕರಗುವುದು. ಹೊಲಿಗೆಯ ಅಂಚು ನೇರ ಬರಲಿ ಅಂತ ಮಷಿನ್ ಮೇಲೆ ಟೇಪ್ ಹಚ್ಚುತ್ತೇವಲ್ಲಾ, ನಾನೂ ಹಚ್ಚಿದ್ದೆ. ಅದರ ಅಂಟು ಒರೆಸಲು ಹೋದಾಗ ಬಟ್ಟೆಗೆ ಚಿನ್ನದ ಪುಡಿ ಬಂತು. ಎದೆ ಧಸಕ್ ಅಂತು. ಅಲ್ಲಿಗೇ ನಿಲ್ಲಿಸಿದೆ, ಆದರೂ ಒಂದು ಬಳ್ಳಿಯ ತುದಿ ಹೋಗಿಬಿಟ್ಟಿತು. ಅಂಥದ್ದಕ್ಕೆ ಮಷಿನ್ ಎಣ್ಣೆ ಮಾತ್ರ, ಅದೂ ಬೆರಳ ತುದಿಯಲ್ಲಿ, ಮೆಲ್ಲಗೆ.

ಬಟ್ಟೆ ಕತ್ತರಿಸುವಾಗ ಕೆಳಗೆ ಹಾಸುವ ಕಟಿಂಗ್ ಮ್ಯಾಟ್ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೂ ಅಸಿಟೋನ್ ಬೇಡ, ಬಿಸಿ ನೀರೂ ಬೇಡ, ಹೇರ್ ಡ್ರೈಯರ್ ಬೇಡವೇ ಬೇಡ. ಒಮ್ಮೆ ಸೊಟ್ಟಗಾದರೆ ಮತ್ತೆ ಚಪ್ಪಟೆ ಮಾಡುವುದು ಕಷ್ಟ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಉಜ್ಜಿ, ಅಂಟು ಸುರುಳಿಯಾಗಿ ಬರುತ್ತದೆ. ಇಲ್ಲವೇ ಹೊಸ ಟೇಪನ್ನೇ ಅದರ ಮೇಲೆ ಒತ್ತಿ ಪಟ್ಟನೆ ಕೀಳಿ, ಹಳೇ ಅಂಟು ಹೊಸ ಟೇಪಿನ ಜೊತೆ ಹೋಗುತ್ತದೆ. ತಮಾಷೆ ಅಂದರೆ, ಜಪಾನಿನ ಓಲ್ಫಾ ಕಂಪನಿಯವರು 1979ರಲ್ಲಿ ರೋಟರಿ ಕಟ್ಟರ್ (ಚಕ್ರದ ಹಾಗೆ ಉರುಳಿ ಬಟ್ಟೆ ಕತ್ತರಿಸುವ ಬ್ಲೇಡು) ತರುವವರೆಗೂ ಕೌದಿಗೆ ಈ ಮ್ಯಾಟಿನ ಗೋಜೇ ಇರಲಿಲ್ಲ, ರಟ್ಟಿನ ಅಚ್ಚು ಮತ್ತು ಕತ್ತರಿಯಲ್ಲಿ ಎಲ್ಲಾ ನಡೆಯುತ್ತಿತ್ತು.

ಬಿಡಿಚಿಂದಿ:

ವರದಿ ಒಪ್ಪಿಸುತ್ತಿದ್ದೇನೆ. ಸ್ಕೇಲಿಗೆ ಮೂರು ಸಲ ಎಣ್ಣೆ ಬೇಕಾಯಿತು. ಮೂರನೇ ಸಲಕ್ಕೆ ಅಂಟು ಕಾರ್ಡಿನ ಮುಂದೆ ಸುತ್ತಿಕೊಂಡು ಬಂದಿದ್ದು ನೋಡಿ ಎಷ್ಟು ಖುಷಿ ಆಯಿತು ಅಂದರೆ ಮನೆಯವರನ್ನೆಲ್ಲಾ ಕರೆದು ತೋರಿಸಿದೆ, ಯಾರಿಗೂ ಅದರಲ್ಲಿ ಏನಿದೆ ಅಂತ ಅರ್ಥ ಆಗಲಿಲ್ಲ. ಕತ್ತರಿ ಸ್ಪಿರಿಟ್ಟಿಗೇ ಬಗ್ಗಿತು. ಸೂಜಿ ಒರೆಸಿ ಹಾಕಿದೆ, 90ರದ್ದು ಮನೆಯಲ್ಲಿ ಇರಲಿಲ್ಲ, ಆದರೂ ಒಂದು ಉದ್ದ ಸಾಲು ಬಿಡದೆ ಬಿತ್ತು.

ಒಂದೇ ಬೇಸರ. ಸ್ಕೇಲಿನ 4 ಇಂಚಿನ ಗೆರೆ ಅರ್ಧ ಹೋಗಿದೆ. ನಾನು ಮೊದಲೇ ಉಗುರಲ್ಲಿ ಕೆರೆದದ್ದರ ಫಲ ಇರಬೇಕು. ಮಾರ್ಕರ್‌ನಿಂದ ತಿದ್ದಬಹುದೇ?

ಕತ್ತರಿಯಂಗಳ:

ಬರೆದರೆ ಬಟ್ಟೆಗೆ ಹತ್ತೀತು. ಅದಕ್ಕಿಂತ ಚೂಪಾದ ಸೂಜಿಯಿಂದ ಇನ್ನೊಂದು ಸ್ಕೇಲ್ ಇಟ್ಟುಕೊಂಡು ತೆಳ್ಳಗೆ ಗೀರಿ. ಗೀರಿದ್ದರೊಳಗೆ ಮಾರ್ಕರ್ ತುಂಬಿಸಿ, ಮೇಲಿನದ್ದನ್ನು ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿಬಿಡಿ. ನನ್ನ ಸ್ಕೇಲಿನಲ್ಲಿ ಅಂಥ ಎರಡು ಗೆರೆ ಇವೆ. ಪೂರ್ತಿ ಒಣಗಿದ ಮೇಲೆ ಚಿಂದಿ ಮೇಲೆ ಉಜ್ಜಿ ನೋಡುವುದನ್ನು ಮಾತ್ರ ಮರೆಯಬೇಡಿ.

ಬಿಡಿಚಿಂದಿ:

ಸರಿ ಸರ್, ನಾಳೆ ಗೀರಿ ನೋಡುತ್ತೇನೆ. ಉಪ್ಪುಕಾಗದ ಅಂಟಿಸಲು ಈ ಸಲ ಟೇಪ್ ಬೇಡ ಅಂದುಕೊಂಡಿದ್ದೇನೆ, ಜಾರದ ಹಾಗೆ ಮಾಡಲು ಬೇರೇನು ದಾರಿ ಅಂತ ಹೊಸದಾಗಿ ಕೇಳುತ್ತೇನೆ.