‘ರೇಂಜ್ ಗೇಟ್’ಗೆ ‘ಅಂಕಣ’ ಅನ್ನಬಹುದೇ?

ಗೆಳೆಯರೆ,

ರಾಡಾರಿನಿಂದ ಮೇಲಿನ ವಾತಾವರಣವನ್ನು ಅಳೆಯುವ ವೀಕ್ಷಣಾ ಯೋಜನೆಯೊಂದನ್ನು ಧಾರವಾಡದ ಎಂ.ಎಸ್ಸಿ. ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುವ ಕೆಲಸ ನಡೆದಿದೆ. ಮಾದರಿಗೆ ಇಟ್ಟುಕೊಂಡದ್ದು ತಿರುಪತಿ ಹತ್ತಿರದ ಗಾದಂಕಿಯ ಎಂ.ಎಸ್.ಟಿ. (ಮೆಸೊಸ್ಫಿಯರ್, ಸ್ಟ್ರಾಟೊಸ್ಫಿಯರ್, ಟ್ರೊಪೊಸ್ಫಿಯರ್ ಎಂಬ ವಾತಾವರಣದ ಮೂರು ಪದರಗಳನ್ನು ನೋಡುವ) ರಾಡಾರು: 53 ಮೆಗಾಹರ್ಟ್ಸ್, 1024 ಯಾಗಿ ಆಂಟೆನಾ. ಪಲ್ಸಿಗೆ, ಅಂದರೆ ರಾಡಾರು ಒಮ್ಮೆಗೆ ಬಿಡುವ ಅಲೆಯ ಚಿಕ್ಕ ತುಣುಕಿಗೆ, ‘ಸ್ಪಂದ’, ಬೀಮಿಗೆ ‘ಕಿರಣ’ ಒಪ್ಪಿತವಾಗಿವೆ. ತೊಡಕಾಗಿರುವುದು ‘ರೇಂಜ್ ಗೇಟ್’ ಒಂದೇ.

ಕರಡಿನಲ್ಲಿ ‘ವ್ಯಾಪ್ತಿ ದ್ವಾರ’ ಎಂದಿದೆ. ಎರಡು ಪದಗಳೂ ದಾರಿ ತಪ್ಪಿಸುತ್ತವೆ. ಇಲ್ಲಿ ರೇಂಜ್ ಅಂದರೆ ಹರವಲ್ಲ, ಆಂಟೆನಾದಿಂದ ಕಿರಣದ ಗುಂಟ ಅಳೆದ ದೂರ. ಗೇಟ್ ಅನ್ನುವುದು ರಿಸೀವರನ್ನು ಒಂದು ಗಳಿಗೆ ತೆರೆದು ಮುಚ್ಚುತ್ತಿದ್ದ ಕಾಲದ ಹೆಸರು. ಈಗ ತೆರೆಯುವ ಮುಚ್ಚುವ ಮಾತಿಲ್ಲ. ಮರಳಿ ಬಂದ ಅಲೆಯನ್ನು ಮೈಕ್ರೊಸೆಕೆಂಡಿಗೊಮ್ಮೆ ಅಳೆದು ದಾಖಲಿಸುತ್ತಾರೆ. ಅಲೆ ಹೋಗಿ ಬರಬೇಕಾದ್ದರಿಂದ ಒಂದು ಮೈಕ್ರೊಸೆಕೆಂಡಿಗೆ 150 ಮೀಟರ್ ದೂರ. ಹೀಗೆ ಕಿರಣದ ಗುಂಟ 150 ಮೀಟರಿಗೊಂದು ಕೋಣೆ ಬೀಳುತ್ತದೆ. ನಮಗೆ ಹೆಸರು ಬೇಕಾಗಿರುವುದು ಆ ಕೋಣೆಗೆ, ಅದರ ಬಾಗಿಲಿಗಲ್ಲ.

‘ಎತ್ತರದ ಮಜಲು’ ಎಂಬ ಸಲಹೆಯೂ ಬಂದಿದೆ. ಕೇಳಲು ಚೆಂದ, ಲೆಕ್ಕದಲ್ಲಿ ಕೈಕೊಡುತ್ತದೆ. ಗಾಳಿಯ ವೇಗ ತಿಳಿಯಲು ಒಂದು ಕಿರಣವನ್ನು ನೆತ್ತಿಗೆ ನೇರ ಬಿಟ್ಟು, ಉಳಿದವನ್ನು ನಾಲ್ಕು ದಿಕ್ಕಿಗೆ 10 ಡಿಗ್ರಿ ವಾಲಿಸುತ್ತಾರೆ. ನೇರ ಕಿರಣದಲ್ಲಿ ನೂರನೆಯ ಕೋಣೆ 15 ಕಿ.ಮೀ. ಎತ್ತರದಲ್ಲಿದ್ದರೆ ವಾಲಿದ ಕಿರಣದ ನೂರನೆಯದು ಸುಮಾರು 14.77 ಕಿ.ಮೀ.ಯಲ್ಲಿರುತ್ತದೆ. ಹತ್ತಿರ ಹತ್ತಿರ ಒಂದೂವರೆ ಕೋಣೆಯಷ್ಟು ತಗ್ಗು. ‘ನೂರನೆಯ ಮಜಲು’ ಎಂದು ಓದಿದ ವಿದ್ಯಾರ್ಥಿ ಎರಡನ್ನೂ ಒಂದೇ ಎತ್ತರದವೆಂದು ಹಿಡಿದು ಬೇರೆ ಬೇರೆ ಪದರಗಳ ಗಾಳಿಯನ್ನು ಬೆರೆಸಿಬಿಡುತ್ತಾನೆ. ಜೆಟ್ ಗಾಳಿ ಬೀಸುವಲ್ಲಿ, ಎತ್ತರದೊಂದಿಗೆ ವೇಗ ಬೇಗ ಬದಲಾಗುವುದರಿಂದ, ಈ ತಪ್ಪು ಚಿಕ್ಕದಲ್ಲ.

ಅದಕ್ಕೇ ‘ಅಂಕಣ’ ಹೊಳೆದದ್ದು. ನಮ್ಮ ಕಡೆ ಹಳೆಯ ಮನೆಯನ್ನು ಅಳೆಯುವುದೇ ಅಂಕಣದಿಂದ, ‘ಐದಂಕಣದ ಮನಿ’ ಅಂತ. ಎರಡು ತೊಲೆಗಳ ನಡುವಿನ ಜಾಗ, ಸಾಲಾಗಿ, ಎಣಿಸಲು ಬರುವಂಥದ್ದು. ‘ದೂರದ ಅಂಕಣ’ ಅಂದರೆ ರೇಂಜ್ ಗೇಟಿನ ಅರ್ಥ ಪೂರ್ತಿ ಕೂಡುತ್ತದೆ. ಸ್ಪಂದಗಳ ನಡುವೆ 1 ಮಿಲಿಸೆಕೆಂಡ್ ಬಿಟ್ಟಾಗ 150 ಕಿ.ಮೀ.ವರೆಗಷ್ಟೇ ದೂರ ಗೊಂದಲವಿಲ್ಲದೆ ತಿಳಿಯುತ್ತದೆ. 165 ಕಿ.ಮೀ.ಯಿಂದ ಏನಾದರೂ ಮರಳಿದರೆ ಅದು ಮುಂದಿನ ಸ್ಪಂದದ 15 ಕಿ.ಮೀ. ಅಂಕಣದಲ್ಲಿ ಬಂದು ಕೂಡುತ್ತದೆ. ಇಂಥದ್ದನ್ನು ಈ ಪದದಿಂದ ಎಷ್ಟು ಸಲೀಸಾಗಿ ಹೇಳಬಹುದು ನೋಡಿರಿ.

ಆದರೆ ಎರಡು ತಕರಾರು ಉಳಿದಿವೆ. ಮನೆಯ ಅಂಕಣಕ್ಕೆ ಗಡಿ ಖಚಿತ, ರಾಡಾರಿನದಕ್ಕಲ್ಲ. ಒಳಗೆ ಸಂಕೇತ (ಕೋಡ್) ಹಾಕದ 2 ಮೈಕ್ರೊಸೆಕೆಂಡಿನ ಸ್ಪಂದ ಬಿಟ್ಟು ಮೈಕ್ರೊಸೆಕೆಂಡಿಗೊಮ್ಮೆ ಅಳೆದರೆ ಅಂಕಣ 150 ಮೀಟರಿನದೇ, ಬಿಡಿಸಿ ಕಾಣುವುದು ಮಾತ್ರ 300 ಮೀಟರ್. ಅಕ್ಕಪಕ್ಕದ ಅಂಕಣಗಳು ಒಂದೇ ಮರುದನಿಯನ್ನು ಹಂಚಿಕೊಂಡಿರುತ್ತವೆ. ಆದ್ದರಿಂದ ರೆಸಲ್ಯೂಷನ್ನಿಗೆ ‘ಪೃಥಕ್ಕರಣ’ವನ್ನು ಬೇರೆಯಾಗಿಯೇ ಉಳಿಸಿಕೊಳ್ಳಬೇಕು. (ಕರಡಿನ ಒಂದು ಕಡೆ ಅದು ‘ನಿರ್ಣಯ’ ಆಗಿತ್ತು. ಅದು ಸಭೆಯ ಠರಾವಿಗೆ ಸಲ್ಲುವ ಮಾತು.) ಇನ್ನೊಂದು, ಓದುಗರಿಗೆ ಅಂಕಣ ಅಂದರೆ ಮೊದಲು ನೆನಪಾಗುವುದು ಪತ್ರಿಕೆಯ ಬರಹ.

‘ಖಣ’ ಅನ್ನುವ ರೂಢಿಯೂ ಇದೆ, ಆದರೆ ಅದು ಕುಬಸದ ಖಣದೊಂದಿಗೆ ಕೂಡಿಕೊಳ್ಳುತ್ತದೆ. ಗದಗ, ಹಾವೇರಿ ಸೀಮೆಯಲ್ಲಿ ಮನೆ ಕಟ್ಟುವವರು ಈಗಲೂ ಅಂಕಣ ಅನ್ನುತ್ತಾರೋ, ಖಣವೋ, ಮತ್ತೊಂದು ಮಾತಿದೆಯೋ? ಬಲ್ಲವರು ತಿಳಿಸಿರಿ.