ಸುಮ್ಮನ ವಾಯ್ದೆ ತಗೊಂಡು ಸತಾಯಿಸೋರ ಕಡಿಂದ ಕೋರ್ಟ್ ಖರ್ಚು ವಸೂಲಿ ಆಗ್ತೈತೇನ್ರಿ?

ಎಡದಂಡೆ ರೈತ, ಗಂಗಾವತಿ:
ಎಲ್ಲರಿಗೂ ನಮಸ್ಕಾರ್ರಿ, ಕಾನೂನು ಗೊತ್ತಿದ್ದೋರು ಸ್ವಲ್ಪ ಹೇಳ್ರಿ. ನಮ್ಮ ಗದ್ದಿ ಬಾಜೂದೋರು ನಮ್ಮಪ್ಪನ ಮ್ಯಾಲೆ ಇಂಜಂಕ್ಷನ್ (ತಡೆಯಾಜ್ಞೆ) ದಾವಾ ಹಾಕ್ಯಾರ, ಬದು ಒತ್ತುವರಿ ಮಾಡೀವಿ ಅಂತ. ದಾವಾ ಹಾಕೋಕ್ಕಿಂತ ಮೊದ್ಲ ಸರ್ವೇದೋರು ಬಂದು ಅಳತಿ ಮಾಡಿ ಹದ್ದುಬಸ್ತು ತೋರಿಸಿ ಹೋಗ್ಯಾರ, ಕಲ್ಲು ಎಲ್ಲಿತ್ತೋ ಅಲ್ಲೇ ಐತಿ, ಪಂಚನಾಮೆದಾಗ ಅವರ ಸಹೀನೂ ಐತಿ. ಈಗ ಅವರ ಪಾಟಿಸವಾಲು ಆಗ್ಬೇಕು, ನಮ್ಮ ವಕೀಲ್ರು ರೆಡಿ ಅದಾರ, ಆದ್ರ ಪ್ರತಿ ತಾರೀಖಿಗೂ ಹುಷಾರಿಲ್ಲ, ಮದಿವಿ ಐತಿ, ವಕೀಲ್ರು ಬ್ಯಾರೆ ಕೋರ್ಟಿನ್ಯಾಗ ಅದಾರ ಅಂತ ಒಂದೊಂದು ನೆಪ. ನಾಟಿ ಟೈಮಿನ್ಯಾಗ ಆಳು ಬಿಟ್ಟು ಅಪ್ಪ ಸಂಜಿತನ ಕೋರ್ಟಿನ್ಯಾಗ ಕುಂತು ಬರ್ತಾನ್ರಿ. ಹೋದ ಸಲ ಜಡ್ಜ್ ಸಾಹೇಬ್ರು 500 ರೂಪಾಯಿ ಕಾಸ್ಟ್ ಹಾಕಿ ವಾಯ್ದೆ ಕೊಟ್ರು, ಅದನ್ನೂ ಕೊಟ್ಟಿಲ್ಲ. ಕೊಡದಿದ್ರ ಏನಾಗ್ತೈತಿ? ಕೇಸ್ ಗೆದ್ರ ನಮ್ಮ ಖರ್ಚೆಲ್ಲಾ ಬರ್ತೈತೇನು?

ಕರಿಕೋಟು, ಬಳ್ಳಾರಿ:
ಅಣ್ಣಾ, ಮೊದಲು ಇ-ಕೋರ್ಟ್ಸ್ ಆಪ್‌ನಲ್ಲಿ ನಿಮ್ಮ ಕೇಸಿನ ಸಿಎನ್ಆರ್ ನಂಬರ್ (ಪ್ರತಿ ಕೇಸಿಗೂ ಇರೋ ಗುರುತಿನ ನಂಬರ್) ಹಾಕಿ ಆವತ್ತಿನ ಆರ್ಡರ್ ನೋಡಿ. ಕಾಸ್ಟ್ ನಿಮಗೆ ಕೊಡಬೇಕು ಅಂತ ಐತಾ, ಇಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಟ್ಟಬೇಕು ಅಂತ ಐತಾ, ಅದರ ಮೇಲೆ ಮುಂದಿನದು. ನಿಮಗೇ ಕೊಡಬೇಕು ಅಂತಿದ್ರೆ ಸಿಪಿಸಿ, ಅಂದ್ರೆ ಸಿವಿಲ್ ಕೇಸ್ ನಡೆಸೋ ಕಾನೂನಿನ ಸೆಕ್ಷನ್ 35ಬಿ ನಿಮ್ಮ ಕೈಲಿರೋ ಗಟ್ಟಿ ಅಸ್ತ್ರ. ವಾಯ್ದೆ ಕೇಳಿ ತಡ ಮಾಡಿದವರು ಎದುರುಗಡೆಯವರ ಆ ದಿನದ ಖರ್ಚು ಕೊಡಬೇಕು, ಮುಂದಿನ ತಾರೀಖಿಗೆ ಕೊಡದಿದ್ರೆ ವಾದಿ ತನ್ನ ದಾವಾ ಮುಂದುವರಿಸೋ ಹಾಗೇ ಇಲ್ಲ. ದಾವಾ ಅಲ್ಲಿಗೇ ವಜಾ ಆಗಿಬಿಡುತ್ತೆ ಅಂದ್ಕೋಬೇಡಿ, ಕೋರ್ಟಿಗೆ ಟೈಮ್ ಕೊಡೋ ಅಧಿಕಾರ ಐತೆ. ಆದರೂ ಮುಂದಿನ ತಾರೀಖಿಗೆ ಕೇಸ್ ಕೂಗಿದ ತಕ್ಷಣ ನಿಮ್ಮ ವಕೀಲರು ಎದ್ದು ನಿಂತು "ಕಾಸ್ಟ್ ಬಂದಿಲ್ಲ ಸ್ವಾಮಿ" ಅಂತ ಹೇಳಿ ಮೆಮೊ (ಅದನ್ನೇ ಬರೆದ ಚಿಕ್ಕ ಮನವಿ) ಹಾಕಬೇಕು. ನಮ್ಮ ಕಡೆ ಇದನ್ನ ಯಾರೂ ಮಾಡಲ್ಲ, ಎದುರಿನ ವಕೀಲರು ನಾಳೆ ನಮಗೂ ಬೇಕಾಗ್ತಾರೆ ಅಂತ ಸುಮ್ನಿರ್ತಾರೆ, ಅಲ್ಲೇ ಕಕ್ಷಿದಾರ ಹಾಳಾಗೋದು. ಇನ್ನೊಂದು, ಅದೇ ಸಿಪಿಸಿಯ ಆರ್ಡರ್ 17 ಪ್ರಕಾರ ವಿಚಾರಣೆ ವೇಳೆ ಒಂದು ಕಡೆಯವರಿಗೆ ಮೂರಕ್ಕಿಂತ ಹೆಚ್ಚು ವಾಯ್ದೆ ಕೊಡಬಾರದು, ವಕೀಲರು ಬೇರೆ ಕೋರ್ಟಲ್ಲಿದ್ದಾರೆ ಅನ್ನೋದು ಕಾರಣಾನೇ ಅಲ್ಲ ಅಂತ ಅದರಲ್ಲೇ ಬರೆದೈತೆ.

ಭತ್ತದ ವ್ಯಾಪಾರಿ, ಸಿಂಧನೂರು:
ಕರಿಕೋಟು ಅವರು ಹೇಳಿದ್ದು ಖರೆ ಅದ, ಆದ್ರ 500 ರೂಪಾಯಿಗೆ ಯಾರು ಹೆದರ್ತಾರ್ರಿ? ಸುಳ್ಳು ದಾವಾ ಹಾಕಿದ್ರ 35ಎ ಕೆಳಗ ಪರಿಹಾರ ಕೇಳಬಹುದು ಅಂತಾರ, ಅದರ ಮಿತಿ ಬರೇ 3,000. ಒಂದು ಲಕ್ಷಕ್ಕರೆ ಏರಿಸ್ರಿ ಅಂತ ಸುಪ್ರೀಂ ಕೋರ್ಟ್ 2011ರಾಗ ಹೇಳಿದ್ರೂ ಸಾದಾ ಸಿವಿಲ್ ಕೇಸಿಗೆ ಏನೂ ಬದಲಾಗಿಲ್ಲ. ನಮ್ಮಂಥ ವ್ಯಾಪಾರದ ಕೇಸ್ ಬ್ಯಾರೆ. ಮಿಲ್ಲಿಗೆ ಭತ್ತ ಹಾಕಿ ರೊಕ್ಕ ಬರದಿದ್ರ, ಬಾಕಿ 3 ಲಕ್ಷ ದಾಟಿದ್ರ ಕಮರ್ಷಿಯಲ್ ಕೋರ್ಟಿಗೆ ಹೋಗಬಹುದು. ಅಲ್ಲಿ ಸೋತವ ಗೆದ್ದವನ ಖರ್ಚು ಕೊಡೋದೇ ನಿಯಮ, 3,000ದ ಮಿತಿನೂ ಇಲ್ಲ. ರಾಜಿಗೆ ನ್ಯಾಯವಾದ ಮಾತು ಬಂದಾಗ ಹಟ ಮಾಡಿ ಬ್ಯಾಡ ಅಂದ್ರೇನು, ಹುರುಳಿಲ್ಲದ ಕೌಂಟರ್ ಕ್ಲೇಮ್ (ಎದುರು ದಾವಾ) ಹಾಕಿದ್ರೇನು, ಅದನ್ನೆಲ್ಲಾ ಲೆಕ್ಕಕ್ಕ ಹಿಡಿತಾರ. ರೈತನ ಬದುವಿನ ಕೇಸಿಗೆ ಯಾಕ ಈ ನ್ಯಾಯ ಇಲ್ಲ ಅಂತ ನನಗ ಭಾಳ ಸಿಟ್ಟು ಬರ್ತದ.

ಎಡದಂಡೆ ರೈತ, ಗಂಗಾವತಿ:
ಹಂಗಾದ್ರ ಗೆದ್ರೂ ವಕೀಲ್ರ ಫೀಸು, ಅಪ್ಪನ ಕೂಲಿ ಇವೆಲ್ಲಾ ಹೋದಂಗನ?

ಕರಿಕೋಟು, ಬಳ್ಳಾರಿ:
ಇಲ್ಲ ಅಣ್ಣಾ, 35ಎ ಬೇರೆ, 35 ಬೇರೆ. 35ರ ಕೆಳಗೆ ಗೆದ್ದವರಿಗೆ ಖರ್ಚು ಕೊಡೋದೇ ವಾಡಿಕೆ, ಕೊಡಲ್ಲ ಅಂದ್ರೆ ಜಡ್ಜ್ ಕಾರಣ ಬರೀಬೇಕು. 2005ರಲ್ಲಿ ಸೇಲಂ ವಕೀಲರ ಸಂಘದ ಕೇಸಲ್ಲಿ ಸುಪ್ರೀಂ ಕೋರ್ಟು, ಕಾಸ್ಟ್ ಅಂದ್ರೆ ನಿಜವಾಗಿ ಆದ ನ್ಯಾಯವಾದ ಖರ್ಚು, ಅದರಲ್ಲಿ ಗೆದ್ದವನು ಕಳೆದ ಸಮಯ, ಓಡಾಟ, ಕೋರ್ಟ್ ಫೀ, ವಕೀಲರ ಫೀ ಎಲ್ಲಾ ಸೇರಬೇಕು ಅಂತ ಹೇಳೈತೆ. ಕೆಳಗಿನ ಕೋರ್ಟಲ್ಲಿ ವಕೀಲರ ಫೀ ಸಾಮಾನ್ಯವಾಗಿ ನಿಯಮದ ಲೆಕ್ಕದಲ್ಲೇ ಹಾಕ್ತಾರೆ, ನೀವು ಕೊಟ್ಟಷ್ಟು ಬರೋದು ಕಷ್ಟ. ಆದರೆ ಕೇಳದೇ ಇದ್ರೆ ಅದೂ ಇಲ್ಲ. ವಕೀಲರ ಫೀ ಸರ್ಟಿಫಿಕೇಟ್, ಖರ್ಚಿನ ಮೆಮೊ ಎರಡನ್ನೂ ಜಡ್ಜ್‌ಮೆಂಟ್ ಹೊತ್ತಿಗೆ ಹಾಕಿಸಿ.

ಟೀಚರಮ್ಮ, ಕೊಪ್ಪಳ:
ತಮ್ಮಾ, ನಮ್ಮ ಮನಿ ಪಾಲಿನ ಕೇಸಿನ್ಯಾಗ ನಾನು ಬಸ್ ಟಿಕೆಟ್, ಝೆರಾಕ್ಸ್ ಚೀಟಿ, ನಕಲು ತಗೊಂಡ ರಶೀದಿ ಎಲ್ಲಾ ತಾರೀಖಿನ ಪ್ರಕಾರ ಒಂದು ನೋಟ್‌ಬುಕ್ಕಿಗೆ ಅಂಟಿಸಿ ಇಟ್ಟಿದ್ದೆ, ಮೆಮೊ ಬರೆಯೋ ಟೈಮಿನ್ಯಾಗ ವಕೀಲ್ರಿಗೆ ಭಾಳ ಅನುಕೂಲ ಆತು. ಆ ಪಂಚನಾಮೆ ನಕಲು ಮಾತ್ರ ಬಿಡಬ್ಯಾಡ, ಸಹಿ ಹಾಕಿ ಗೊತ್ತಿದ್ದೂ ದಾವಾ ಹಾಕ್ಯಾರ ಅಂತ ತೋರಿಸಾಕ ಅದೇ ಆಧಾರ. 35ಎ ಕೇಳೋದಿದ್ರ ಕೊನಿತನ ಕಾಯಬ್ಯಾಡ, ಇದು ಗೊತ್ತಿದ್ದೂ ಹಾಕಿದ ಸುಳ್ಳು ದಾವಾ ಅಂತ ನಿಮ್ಮ ಆಕ್ಷೇಪಣೆ ದಾಖಲಾಗಿರಬೇಕು, ಕೈಫಿಯತ್ತಿನ್ಯಾಗ (ದಾವಾಕ್ಕ ನೀವು ಬರೆದುಕೊಟ್ಟ ಉತ್ತರದಾಗ) ಐತೇನು ಅಂತ ವಕೀಲ್ರನ್ನ ನಾಳೇನ ಕೇಳು.

ಎಡದಂಡೆ ರೈತ, ಗಂಗಾವತಿ:
ಭಾಳ ಉಪಕಾರ ಆತ್ರಿ ಎಲ್ಲರಿಂದ. ಆಪ್‌ನ್ಯಾಗ ನೋಡಿದೆ ಕರಿಕೋಟು ಸರ್, ಕಾಸ್ಟ್ ಪ್ರತಿವಾದಿಗೆ ಕೊಡಬೇಕು ಅಂತಾನೇ ಐತಿ. ಮೆಮೊ ಬರಕೊಂಡು ಬರ್ರಿ ಅಂತ ವಕೀಲ್ರಿಗೆ ಈಗ್ಲೇ ಫೋನ್ ಹಚ್ಚಿ ಹೇಳೀನಿ.